ವಿಮಾನ ಹತ್ತುವುದಕ್ಕೆ ಹತ್ತು ದಿನ ಮೊದಲು

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಿಂದ ಉಗಾಂಡಾಕ್ಕೆ ಹೊರಟವರಿಗೆ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಇದ್ದರೆ ಸಾಲದು. ಹಳದಿ ಬಣ್ಣದ ಒಂದು ಸಣ್ಣ ಪುಸ್ತಕವೂ ಬೇಕು.

ಅದು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಉಗಾಂಡಾ, ಘಾನಾದಂಥ ದೇಶಗಳು ಇದನ್ನು ಕೇಳುತ್ತವೆ. ಈ ಲಸಿಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗದು. ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. ಬೆಂಗಳೂರಿನಲ್ಲಿ ಅಂಥ ಕೇಂದ್ರವಿದೆ. ಚುಚ್ಚಿಸಿಕೊಂಡ 10 ದಿನಗಳ ನಂತರವಷ್ಟೇ ಪತ್ರಕ್ಕೆ ಬೆಲೆ. ಹಾಗಾಗಿ ಕೊನೇ ವಾರದಲ್ಲಿ ಓಡಾಡಿ ಪ್ರಯೋಜನವಿಲ್ಲ. ಒಮ್ಮೆ ಹಾಕಿಸಿಕೊಂಡರೆ, 2016ರಲ್ಲಿ ಬಂದ ನಿಯಮದಂತೆ, ಜೀವನಪೂರ್ತಿ ಸಾಕು. ಮೊಟ್ಟೆಯ ಅಲರ್ಜಿ ಇದ್ದವರು ವೈದ್ಯರಿಗೆ ಮೊದಲೇ ಹೇಳಬೇಕು. ಪುಸ್ತಕದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ಸೀಲು, ಸಹಿ ಬಿದ್ದಿದೆಯೇ ಎಂದು ಅಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ಕ್ಯಾಂಪಿನ ಕೆಲವರಿಗೆ ತಯಾರಿ ಇನ್ನೂ ಹಿಂದಿನಿಂದ ಶುರು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳ ನೆಲೆ ಇದು. ಪೌರತ್ವದ ದಾಖಲೆ ಇಲ್ಲದೆ ಪಾಸ್‌ಪೋರ್ಟಿಲ್ಲ. 2024ರಲ್ಲಿ ಇಲ್ಲಿನ ಕೆಲವರಿಗೆ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಪ್ರಮಾಣಪತ್ರ ಸಿಕ್ಕಿತು.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಗಿಡಮೂಲಿಕೆ ಎಣ್ಣೆ ಮಾರಲು ಸುಡಾನಿಗೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಜನ 2023ರ ಏಪ್ರಿಲ್‌ನಲ್ಲಿ ಯುದ್ಧದ ನಡುವೆ ಸಿಕ್ಕಿಬಿದ್ದರು. ಭಾರತ ‘ಆಪರೇಷನ್ ಕಾವೇರಿ’ ನಡೆಸಿ, ಪೋರ್ಟ್ ಸುಡಾನಿನಿಂದ ಜಿದ್ದಾ ಮಾರ್ಗವಾಗಿ ಭಾರತೀಯರನ್ನು ಕರೆತಂದಿತು. ಹಾಗಾಗಿ ನೀವು ಹೋಗುವ ದೇಶದ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರು ಮೊಬೈಲಿನಲ್ಲೂ ಇರಲಿ, ಮನೆಯವರ ಬಳಿ ಕಾಗದದಲ್ಲೂ ಇರಲಿ.

ಲಸಿಕೆಯಂತೆಯೇ ಮಲೇರಿಯಾ ತಡೆಯುವ ಮಾತ್ರೆಯೂ ಹೊರಡುವ ಮೊದಲೇ ಶುರುವಾಗಬೇಕು. ಡಾಕ್ಸಿಸೈಕ್ಲಿನ್ ಆದರೆ, ಮರಳಿ ಬಂದ ಮೇಲೂ ನಾಲ್ಕು ವಾರ ನುಂಗಬೇಕು.