ನೆಟ್ ಇಲ್ಲ ಅಂದರೆ, ಎಲ್ಲಿ ಇಲ್ಲ?

ಇವತ್ತಿನ ಮಾತು ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ.

ಅಬುಧಾಬಿಯ ಹಾಸ್ಟೆಲ್‌ನಲ್ಲಿರುವ ನನ್ನ ಅಕ್ಕನ ಮಗ ಒಂದು ಶನಿವಾರ ರಾತ್ರಿ ಫೋನ್ ಮಾಡಿದ. "ಮಾವ, ವರ್ಚುವಲ್ ಮಷೀನ್‌ನಲ್ಲಿ ನೆಟ್ ಬರ್ತಾ ಇರ್ಲಿಲ್ಲ. ಅದನ್ನ ಡಿಲೀಟ್ ಮಾಡಿ ಹೊಸದು ಹಾಕ್ದೆ. ಆದ್ರೂ ಬರ್ತಿಲ್ಲ." ಅಳಿಸಿದ ಮಷೀನ್ ಒಳಗೇ ಅವನ ಮೂರು ವಾರದ ಪ್ರಾಜೆಕ್ಟ್ ಇತ್ತು. ಸೋಮವಾರ ಅದನ್ನು ಒಪ್ಪಿಸಬೇಕಿತ್ತು.

ತೊಂದರೆ ಇದ್ದದ್ದು ಒಂದೇ ಒಂದು ಸೆಟ್ಟಿಂಗ್‌ನಲ್ಲಿ. ಅದೇನೆಂದು ನೋಡೋಣ.

ವರ್ಚುವಲ್ ಮಷೀನ್ ಅಂದರೆ ನಿಮ್ಮ ಲ್ಯಾಪ್‌ಟಾಪ್ ಒಳಗೆ ಓಡುವ ಇನ್ನೊಂದು ಕಂಪ್ಯೂಟರ್. ಅದು ಹೊರಗೆ ಹೋಗಲು ಮುಖ್ಯವಾಗಿ ಎರಡು ದಾರಿ. ಇಲ್ಲಿ ನಮ್ಮ ಎಷ್ಟೋ ಮನೆಗಳಿಗೆ ಅಪ್ಪನ ಆಫೀಸಿನ ಪಿ.ಒ. ಬಾಕ್ಸ್ ನಂಬರೇ ಅಂಚೆ ವಿಳಾಸ, ಅಲ್ಲವೇ? 'ನ್ಯಾಟ್' ಅಂದರೆ ಹಾಗೆಯೇ. ಒಳಗಿನ ಮಷೀನ್ ನಿಮ್ಮ ಲ್ಯಾಪ್‌ಟಾಪ್‌ನ ವಿಳಾಸವನ್ನೇ ಬಳಸುತ್ತದೆ. 'ಬ್ರಿಡ್ಜ್ಡ್' ಅಂದರೆ ತನಗೇ ಬೇರೆ ಬಾಕ್ಸ್ ಬೇಕೆಂದು ನೆಟ್‌ವರ್ಕ್ ಅನ್ನು ಕೇಳುವುದು. ಮನೆಯ ರೌಟರ್ ಸಾಮಾನ್ಯವಾಗಿ ಕೊಡುತ್ತದೆ. ಲಾಗಿನ್ ಕೇಳುವ ಕಾಲೇಜಿನ ವೈಫೈ ಗುರುತಿಲ್ಲದವರಿಗೆ ಹಲವು ಸಲ ಕೊಡುವುದಿಲ್ಲ. ನಮ್ಮ ಹುಡುಗ ದುಬೈನ ಮನೆಯಲ್ಲಿ ಬ್ರಿಡ್ಜ್ಡ್ ಇಟ್ಟು ಕೆಲಸ ಮಾಡಿದ್ದ. ಹೊಸ ಮಷೀನ್‌ಗೂ ಅದೇ ಸೆಟ್ಟಿಂಗ್ ಹಾಕಿದ್ದ. ಹಾಸ್ಟೆಲ್‌ನಲ್ಲಿ ಅದು ನಡೆಯಲಿಲ್ಲ.

ಆದ್ದರಿಂದ ಹತ್ತಿರದಿಂದ ದೂರಕ್ಕೆ ಹೋಗುತ್ತಾ, ಒಂದೊಂದೇ ಪ್ರಶ್ನೆ ಕೇಳಿ.

ಮೊದಲನೆಯದು: ಲ್ಯಾಪ್‌ಟಾಪ್‌ನಲ್ಲಿ ನೆಟ್ ಇದೆಯೇ? ಇಲ್ಲದಿದ್ದರೆ ಮಷೀನ್ ಅನ್ನು ಮುಟ್ಟಲೇಬೇಡಿ.

ಎರಡನೆಯದು: ಮಷೀನ್‌ನ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಕೇಬಲ್ ಜೋಡಿಸಿದೆ ಎಂಬ ಗುರುತು ಇದೆಯೇ? ಅದನ್ನು ತಪ್ಪಿ ತೆಗೆದುಬಿಟ್ಟಿರುವುದೂ ಉಂಟು.

ಮೂರನೆಯದು: ಐಪಿ ವಿಳಾಸ ಸಿಕ್ಕಿದೆಯೇ? ಒಳಗಿನ ಮಷೀನ್ ವಿಂಡೋಸ್ ಆದರೆ 'ಐಪಿಕಾನ್ಫಿಗ್' ಎಂಬ ಆಜ್ಞೆ ಕೊಟ್ಟು ನೋಡಿ. 169.254 ಎಂದು ಶುರುವಾದರೆ ಯಾರೂ ವಿಳಾಸ ಕೊಟ್ಟಿಲ್ಲ, ಮಷೀನ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಅಕ್ಕನ ಮಗನಿಗೆ ಕಂಡದ್ದು ಇದೇ. ಬ್ರಿಡ್ಜ್ಡ್ ತೆಗೆದು ನ್ಯಾಟ್ ಹಾಕಿದ ಕೂಡಲೇ ಸರಿಹೋಯಿತು. ವರ್ಚುವಲ್‌ಬಾಕ್ಸ್‌ನಲ್ಲಿ ನ್ಯಾಟ್ ಇಟ್ಟರೆ ಸಾಮಾನ್ಯವಾಗಿ 10.0.2.15 ಎಂಬ ವಿಳಾಸ ಬರುತ್ತದೆ.

ನಾಲ್ಕನೆಯದು: ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, ಉತ್ತರ ಕೊಡುತ್ತದೆಯೇ? ವರ್ಚುವಲ್‌ಬಾಕ್ಸ್‌ನ ನ್ಯಾಟ್‌ನಲ್ಲಿ ಅದು 10.0.2.2. ಅದಕ್ಕೆ ಪಿಂಗ್ ಮಾಡಿ. ಆದರೆ ನ್ಯಾಟ್ ಇರುವಾಗ ಹೊರಗಿನ ವಿಳಾಸಗಳಿಗೆ ಪಿಂಗ್ ಕೆಲವೊಮ್ಮೆ ಸರಿಯಾಗಿ ನಡೆಯುವುದಿಲ್ಲ. ಅಷ್ಟಕ್ಕೇ ನೆಟ್ ಇಲ್ಲ ಅಂದುಕೊಳ್ಳಬೇಡಿ, ಬ್ರೌಸರ್‌ನಲ್ಲೂ ನೋಡಿ.

ಐದನೆಯದು: ಅಂಕಿಯ ವಿಳಾಸಕ್ಕೆ ದಾರಿ ಇದೆ, ಹೆಸರು ಹೊಡೆದರೆ ಮಾತ್ರ ಸೈಟ್ ತೆರೆಯುವುದಿಲ್ಲವೇ? ಹಾಗಾದರೆ ಹೆಸರನ್ನು ಅಂಕಿಗೆ ಬದಲಿಸುವ ಡಿಎನ್‌ಎಸ್ ಕೆಟ್ಟಿದೆ. ಆ ಒಂದನ್ನೇ ಸರಿಮಾಡಿ.

ಕೆಲವೊಮ್ಮೆ ತಪ್ಪು ನಿಜವಾಗಿಯೂ ಬಹಳ ದೂರದಲ್ಲಿರುತ್ತದೆ. 2008ರ ಫೆಬ್ರವರಿ 1ರಂದು ದುಬೈನಿಂದ ಸುಮಾರು 56 ಕಿ.ಮೀ. ದೂರದಲ್ಲಿ, ಸಮುದ್ರದ ತಳದ ಫಾಲ್ಕನ್ ಕೇಬಲ್ ತುಂಡಾಯಿತು. ಅದನ್ನು ಕತ್ತರಿಸಿದ್ದು ಯಾವುದೋ ಹಡಗು ಬಿಟ್ಟುಹೋಗಿದ್ದ ಲಂಗರು. ಅಂಥ ದಿನ ಮನೆಯಲ್ಲಿ ಕೂತು ಎಷ್ಟು ಸಲ ಮಷೀನ್ ಅಳಿಸಿ ಹಾಕಿದರೂ ಪ್ರಯೋಜನವಿಲ್ಲ. ಮೊದಲನೇ ಪ್ರಶ್ನೆ ಕೇಳಿದವರಿಗೆ ಅದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಕೊನೆಗೊಂದು ಮಾತು. ಏನನ್ನಾದರೂ ಬದಲಿಸುವ ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿಡಿ, ಕೆಟ್ಟರೆ ಹಿಂದಿನ ಸ್ಥಿತಿಗೆ ಬರಬಹುದು. ಪ್ರಾಜೆಕ್ಟ್‌ನ ಒಂದು ಪ್ರತಿ ಮಷೀನ್‌ನ ಹೊರಗೂ ಇರಲಿ. ನಮ್ಮ ಹುಡುಗ ಭಾನುವಾರ ಇಡೀ ಕೂತು ಅರ್ಧದಷ್ಟನ್ನು ಮತ್ತೆ ಬರೆದ. ಉಳಿದರ್ಧದ ಅಂಕ ಹೋಯಿತು. ನಿಮಗೆ ಹಾಗಾಗುವುದು ಬೇಡ.