ತಿಳಿನೀರೆಲ್ಲ ಶುದ್ಧವಲ್ಲ

ಕೊಡಗಿನವರಾದ ನಮಗೆ ನೀರಿನ ವಿಷಯದಲ್ಲಿ ಒಂದು ಬಗೆಯ ಹೆಮ್ಮೆಯುಂಟು. ಕಾವೇರಿ ಹುಟ್ಟುವುದು ನಮ್ಮ ಬ್ರಹ್ಮಗಿರಿಯಲ್ಲಿ. ಕಲ್ಲುಸಂದಿಗಳಿಂದ ಒಸರುವ ನಮ್ಮ ನೀರು ಸ್ಫಟಿಕದಂತೆ ತಿಳಿ. ಇಂತಹ ನೀರಿಗೆ ಪರೀಕ್ಷೆಯೇಕೆ ಎಂದು ಸಹಪಾಠಿಗಳು ನನ್ನನ್ನು ಕೇಳುವುದುಂಟು. ಅದಕ್ಕೆ ಉತ್ತರವಾಗಿ ಈ ಲೇಖನ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನೀರಿಗೂ ಸಲ್ಲುತ್ತದೆ. ನೀರಿನ ದೋಷಗಳಲ್ಲಿ ಮುಖ್ಯವಾದವು ಎರಡು: ಅದರಲ್ಲಿ ಬದುಕಿರುವ ರೋಗಾಣುಗಳು, ಅದರಲ್ಲಿ ಕರಗಿರುವ ಲವಣಗಳು. ಎರಡೂ ಕಣ್ಣಿಗೆ ಕಾಣವು. ಆದರೆ ಎರಡಕ್ಕೂ ಮದ್ದು ಒಂದೇ ಅಲ್ಲ.

ಮೊದಲು ರೋಗಾಣುಗಳನ್ನು ನೋಡೋಣ. ೧೮೫೪ರಲ್ಲಿ ಲಂಡನ್ ನಗರದ ಒಂದು ಬೀದಿಯಲ್ಲಿ ಕಾಲರಾ ಹಬ್ಬಿದಾಗ, ಅದರ ಮೂಲ ಅಲ್ಲಿಯ ಒಂದು ಕೈಪಂಪಿನ ನೀರೆಂದು ಡಾಕ್ಟರ್ ಜಾನ್ ಸ್ನೋ ತೋರಿಸಿದರು. ಮಲದ ಗುಂಡಿಯ ನೀರು ಆ ಬಾವಿಗೆ ಇಳಿದಿತ್ತು. ನಮ್ಮಲ್ಲಿಯೂ ಮನೆ ದಿಣ್ಣೆಯ ಮೇಲೆ, ಬಾವಿ ತಗ್ಗಿನಲ್ಲಿ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಶೌಚದ ಗುಂಡಿಯನ್ನು ಮುಟ್ಟಿದರೆ, ಆ ಕೊಳೆ ಬಾವಿಯನ್ನು ಸೇರಲು ಹೆಚ್ಚು ಕಾಲ ಬೇಕಿಲ್ಲ. ವಿಷಮಶೀತಜ್ವರ, ಕಾಮಾಲೆ, ಆಮಶಂಕೆಗಳು ಹರಡುವುದು ಹೀಗೆಯೇ. ಆದುದರಿಂದಲೇ ೧೦೦ ಮಿಲಿಲೀಟರ್ ನೀರಿನಲ್ಲಿ ಇ. ಕೊಲೈ ಎಂಬ ಕರುಳಿನ ಅಣುಜೀವಿ ಒಂದೂ ಇರಕೂಡದೆಂದು ಭಾರತೀಯ ಮಾನಕವು ವಿಧಿಸುತ್ತದೆ.

ಪಟ್ಟಣಗಳಲ್ಲಿ ಪಟಿಕದಿಂದ ಕೆಸರನ್ನು ತಂಗಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುತ್ತಾರೆ. ನಲ್ಲಿಗೆ ಬಂದಾಗಲೂ ಲೀಟರಿಗೆ ೦.೨ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಏಕೆ? ನೀರು ನಿಂತ ಹೊತ್ತಿನಲ್ಲಿ ಬರಿದಾದ ಕೊಳವೆಯು ಬಿರುಕುಗಳ ಮೂಲಕ ಚರಂಡಿಯ ನೀರನ್ನು ಒಳಗೆಳೆದುಕೊಳ್ಳಬಹುದು. ಆಗ ಕಾಯುವುದು ಆ ಉಳಿದ ಕ್ಲೋರಿನ್ನೇ. ಕೊಳವೆಯಿಲ್ಲದ ಮನೆಯಲ್ಲಿ ನೀರನ್ನು ಒಂದು ನಿಮಿಷ ಚೆನ್ನಾಗಿ ಮರಳಿಸಿದರೆ ರೋಗಾಣುಗಳು ಸಾಯುತ್ತವೆ.

ಹಾಗಾದರೆ ಕುದಿಸಿದ ನೀರು ಎಲ್ಲೆಲ್ಲಿಯೂ ಕ್ಷೇಮವೆ? ಅಲ್ಲ. ಪಾವಗಡ, ಕೋಲಾರಗಳ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಬಂಡೆಗಳಿಂದ ಕರಗಿದ ಫ್ಲೋರೈಡ್ ಇದೆ. ಲೀಟರಿಗೆ ೧.೫ ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಿದರೆ ಮೂಳೆ ಬಾಗುತ್ತದೆ. ಅದನ್ನು ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಹಿಂದುಳಿದು ಗಾಢವಾಗುತ್ತದೆ! ಗೊಬ್ಬರದಿಂದಲೂ ಕೊಳೆಯಿಂದಲೂ ಬರುವ ನೈಟ್ರೇಟಿನ ರೀತಿಯೂ ಇದೇ. ಮಡಿಕೇರಿಯಲ್ಲಿ ಸಲ್ಲುವ ಮದ್ದು ಪಾವಗಡದಲ್ಲಿ ಸಲ್ಲದು. ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ.

ನಮ್ಮ ನಾಡಿಗೇ ಸೇರಿದ ಇನ್ನೊಂದು ದೋಷವಿದೆ. ಕಾಫಿಯ ಹಣ್ಣನ್ನು ಪಲ್ಪಿಂಗ್ ಮಾಡಿದ ನೀರಿನಲ್ಲಿ ಸಕ್ಕರೆಯ ಅಂಶ ಬಹಳ. ಅದು ತೋಡಿಗೆ ಬಿದ್ದು ಹುಳಿತರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕಬಳಿಸುತ್ತದೆ. ಮೀನುಗಳು ಸಾಯುತ್ತವೆ, ನೀರು ನಾರುತ್ತದೆ. ಕೊಯ್ಲಿನ ಕಾಲವೋ ಬೇಸಗೆಗೆ ಸಮೀಪ; ತೋಡುಗಳು ಸೊರಗುತ್ತಿರುವ ಹೊತ್ತು. ಆ ನೀರನ್ನು ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು ಶುದ್ಧಿಮಾಡಬೇಕು, ತೋಡಿಗೆ ಬಿಡಬಾರದು.

ನಮ್ಮ ತೋಡುಗಳ ನೀರು ಕುಶಾಲನಗರವನ್ನು ದಾಟಿ ಕನ್ನಂಬಾಡಿಯನ್ನು ಸೇರುತ್ತದೆ. ೧೯೭೪ರಿಂದ ಬೆಂಗಳೂರು ಕುಡಿಯುತ್ತಿರುವುದೂ ಕಾವೇರಿಯನ್ನೇ. ನದಿಯ ತಲೆಯಲ್ಲಿ ಕುಳಿತವರಿಗೆ ಹೆಮ್ಮೆಯ ಜೊತೆಗೆ ಹೊಣೆಯೂ ಉಂಟಲ್ಲವೆ? ವಿದ್ಯಾರ್ಥಿಮಿತ್ರರು ಈ ಮಳೆಗಾಲದಲ್ಲಿ ತಮ್ಮ ತಮ್ಮ ಬಾವಿಯ ನೀರನ್ನು ಒಮ್ಮೆ ಪರೀಕ್ಷೆಗೆ ಕಳುಹಿಸಲಿ ಎಂಬುದೇ ನನ್ನ ವಿನಂತಿ.