ಎರಡು ಸಲ ಬೆಂಕಿ ಕಂಡ ನಗರದ ಅರಮನೆ: ಉಳಿದ ಕಲ್ಲಿಗೆ ದಿಕ್ಕು ಯಾರು?

ಬೆಂಕಿ ಅಂದರೆ ಏನು ಎಂದು ಕಾರ್ಗಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ಫೆಬ್ರವರಿಯಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಬೆಂಕಿ ಬಿತ್ತು. 1035 ಮೆಗಾವ್ಯಾಟ್ ಶಕ್ತಿಯ ಹತ್ತೂ ಯಂತ್ರಗಳು ಸುಮ್ಮನಾದವು. ಆಮೇಲೆ ಮಸಿ ತೊಳೆದರು, ಸುಟ್ಟ ಕೇಬಲ್ ಕಿತ್ತು ಹೊಸದು ಎಳೆದರು, ಒಂದಾದ ಮೇಲೊಂದು ಯಂತ್ರ ತಿರುಗಿಸಿದರು. ಯಾಕೆ ಸಾಧ್ಯವಾಯ್ತು? ನಕ್ಷೆ ಇತ್ತು, ಬಲ್ಲ ಎಂಜಿನಿಯರುಗಳಿದ್ದರು, ಹಿಂದೆ ಒಂದು ನಿಗಮವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಾಡಿಗೆ ದೀಪ ಬೇಕಿತ್ತು.

ಇದೇ ಜಿಲ್ಲೆಯಲ್ಲಿ ಬೆಂಕಿಗೆ ಸಿಕ್ಕಿದ ಇನ್ನೊಂದು ಮನೆ ಇದೆ. ಅದಕ್ಕೆ ನಕ್ಷೆಯೂ ಇಲ್ಲ, ನಿಗಮವೂ ಇಲ್ಲ. ಸಾಗರ, ಹೊಸನಗರ ದಾಟಿ ಹುಲಿಕಲ್ ಘಾಟಿಯ ಕಡೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ಅದೇ ನಗರದ ಕೋಟೆ. ಹಳೆಯ ಹೆಸರು ಬಿದನೂರು, ಕೆಳದಿ ಅರಸರ ಕಡೆಯ ರಾಜಧಾನಿ. ಕಿಟಕಿ ಪಕ್ಕ ಕೂತವರು ಬುರುಜು ನೋಡುತ್ತಾರೆ. “ಮೇಲೆ ಎಂಥದ್ದೂ ಇಲ್ಲ ಮಾರಾಯ್ರೆ, ಬರೀ ಗೋಡೆ” ಎಂಬ ಮಾತು ಮಾಮೂಲು.

ಬರೀ ಗೋಡೆ ಯಾಕಾಯ್ತು ಎಂಬುದೇ ಕಥೆ.

ಬಿದಿರೂರು ರಾಜಧಾನಿಯಾದದ್ದು

ಕೆಳದಿಯವರು ಮೊದಲು ಕೆಳದಿಯಲ್ಲಿದ್ದರು, ಆಮೇಲೆ ಇಕ್ಕೇರಿಗೆ ಬಂದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ನೋಡಿದ್ದು ಇಕ್ಕೇರಿಯ ವೈಭವವನ್ನು. ಬಿಜಾಪುರದ ಸೈನ್ಯ ಇಕ್ಕೇರಿಯ ಮೇಲೆ ಬಿದ್ದ ನಂತರ ವೀರಭದ್ರನಾಯಕನ ಕಾಲದಲ್ಲಿ ರಾಜಧಾನಿ ಕಾಡಿನೊಳಗಿನ ಬಿದನೂರಿಗೆ ಹೋಯಿತು. ಬಿದಿರು ತುಂಬಿದ ಊರಾದ್ದರಿಂದ ಬಿದಿರೂರು, ಪಂಡಿತರ ಬಾಯಲ್ಲಿ ವೇಣುಪುರ. ಅದನ್ನು ದೊಡ್ಡ ಪಟ್ಟಣ ಮಾಡಿದವನು ಶಿವಪ್ಪನಾಯಕ. ಸುತ್ತ ಗುಡ್ಡ, ಮೇಲೆ ಮಳೆ, ಕೆಳಗೆ ಕರಾವಳಿ. ಮೆಣಸು, ಅಕ್ಕಿ ಘಟ್ಟ ಇಳಿಯುತ್ತಿದ್ದವು, ಹಣ ಘಟ್ಟ ಹತ್ತುತ್ತಿತ್ತು.

ಇಷ್ಟು ಶ್ರೀಮಂತ ಊರಿನ ಅರಮನೆ ಯಾವುದರಿಂದ ಕಟ್ಟಿದ್ದು ಅಂತೀರಿ? ಮಣ್ಣು ಮತ್ತು ಮರ. ಮಲೆನಾಡಿನವರಿಗೆ ಇದು ಆಶ್ಚರ್ಯವಲ್ಲ. ಕಲ್ಲು ದೇವರಿಗೆ, ಮರ ಮನುಷ್ಯರಿಗೆ ಎಂಬಂತೆ ಕಟ್ಟುವುದು ಇಲ್ಲಿನ ರೂಢಿ. ಇಕ್ಕೇರಿಯಲ್ಲಿ ಅಘೋರೇಶ್ವರ ದೇವಸ್ಥಾನ ಇವತ್ತಿಗೂ ನಿಂತಿದೆ. ಅದೇ ಇಕ್ಕೇರಿಯ ಅರಮನೆ, ಕೆತ್ತನೆ ಮಾಡಿದ ಮರದ್ದು, ಹೇಳ ಹೆಸರಿಲ್ಲದೆ ಹೋಯಿತು. ಮರಕ್ಕೆ ಮೂವರು ಶತ್ರುಗಳು: ಮಳೆ, ಗೆದ್ದಲು, ಬೆಂಕಿ. ಮೊದಲಿನ ಇಬ್ಬರು ನಿಧಾನ. ಮೂರನೆಯವನಿಗೆ ಒಂದು ರಾತ್ರಿ ಸಾಕು.

ಮೊದಲ ಬೆಂಕಿ, ಎರಡನೇ ಬೆಂಕಿ

1763ರಲ್ಲಿ ಹೈದರಾಲಿ ಬಿದನೂರಿನ ಬಾಗಿಲಿಗೆ ಬಂದ. ಪಟ್ಟದಲ್ಲಿದ್ದವಳು ರಾಣಿ ವೀರಮ್ಮಾಜಿ. ಉಳಿಯುವ ದಾರಿ ಕಾಣದೆ ಆಕೆ ಕೋಟೆ ಬಿಟ್ಟು ಹೋದಳು; ಹೋಗುವಾಗ ಅರಮನೆಗೆ ಬೆಂಕಿ ಇಡಲು ಹೇಳಿ ಹೋದಳು ಎಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುತ್ತಾನೆ. ಶತ್ರುವಿನ ಕೈಗೆ ಏನೂ ಸಿಗಬಾರದು ಎಂಬ ಹಟ. ಒಳಗೆ ಬಂದ ಹೈದರ್ ಮೊದಲು ಮಾಡಿಸಿದ ಕೆಲಸ ಬೆಂಕಿ ಆರಿಸಿದ್ದು. ಖಜಾನೆ ಅವನ ಪಾಲಾಯಿತು. ಊರಿಗೆ ತನ್ನ ಹೆಸರನ್ನೇ ಇಟ್ಟು ಹೈದರ್‌ನಗರ ಎಂದ. ಜನರ ನಾಲಿಗೆಯಲ್ಲಿ ಹೈದರ್ ಉದುರಿ ನಗರ ಮಾತ್ರ ಉಳಿಯಿತು. ರಾಣಿಯನ್ನು ಮಧುಗಿರಿಯ ಕೋಟೆಯಲ್ಲಿ ಸೆರೆ ಇಟ್ಟರು. 1767ರಲ್ಲಿ ಮರಾಠರು ಬಿಡಿಸಿದರು. ಪುಣೆ ತಲುಪುವ ಮುನ್ನ ದಾರಿಯಲ್ಲೇ ತೀರಿಕೊಂಡಳು.

ಎರಡನೇ ಸಲ 1783ರಲ್ಲಿ. ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಪಡೆ ಘಟ್ಟ ಹತ್ತಿ ಬಂದು ನಗರ ಹಿಡಿಯಿತು. ಅದೇ ವರ್ಷ ಟಿಪ್ಪು ಮುತ್ತಿಗೆ ಹಾಕಿ ಬಿಡಿಸಿಕೊಂಡ. ಈ ಮುತ್ತಿಗೆಯಲ್ಲಿ ಅರಮನೆ ಸುಟ್ಟಿತು, ಟಿಪ್ಪು ಮತ್ತೆ ಕಟ್ಟಿಸಿದ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. 1801ರಲ್ಲಿ ಡಾಕ್ಟರ್ ಬುಕನನ್ ಬಂದು ನೋಡುವಾಗ ಊರು ಹಳೆಯ ಊರಾಗಿ ಉಳಿದಿರಲಿಲ್ಲ. ಕಡೆಗೆ ತಾಲ್ಲೂಕು ಕಚೇರಿಯೂ ಕಲ್ಲೂರುಕಟ್ಟೆಗೆ ಹೋಯಿತು. ಅದೇ ಇವತ್ತಿನ ಹೊಸನಗರ. ಹೆಸರಿನಲ್ಲೇ ಗೊತ್ತಾಗುತ್ತದೆ, ಹಳೇ ನಗರ ಯಾವುದು ಅಂತ.

ಮೈಸೂರಿಗಾಯ್ತು, ನಗರಕ್ಕೆ ಯಾಕಾಗಲಿಲ್ಲ?

ಮೈಸೂರಿನ ಅರಮನೆಯೂ ಸುಟ್ಟಿತ್ತಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯ ಮದುವೆಯ ಹೊತ್ತಿನಲ್ಲಿ ಮರದ ಅರಮನೆಗೆ ಬೆಂಕಿ ಬಿತ್ತು. ರೀಜೆಂಟ್ ಮಹಾರಾಣಿ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಕೆಲಸ ಒಪ್ಪಿಸಿದರು. 1912ಕ್ಕೆ ಹೊಸ ಅರಮನೆ ಮುಗಿಯಿತು. ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ಸುಟ್ಟ ಕೈ ಪಾಠ ಕಲಿತಿತ್ತು: ಈ ಸಲ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ ಕಂಬ.

ಮೈಸೂರಿಗೆ ಅರಸರಿದ್ದರು, ಬೊಕ್ಕಸ ಇತ್ತು, ಅಲ್ಲಿ ಕೂತು ದರ್ಬಾರು ಮಾಡುವವರಿದ್ದರು. ನಗರಕ್ಕೆ ಇವು ಮೂರೂ ಇಲ್ಲ. ಯಾರೂ ವಾಸವಿಲ್ಲದ ಮನೆಗೆ ಸೂರು ಹೊದಿಸುವವರು ಯಾರು?

ಹಾಗಾದರೆ ಈಗ ಸರ್ಕಾರ ದುಡ್ಡು ಹಾಕಿ ಹೊಸ ಅರಮನೆ ಕಟ್ಟಿಬಿಡಲಿ ಎನ್ನುವವರೂ ಉಂಟು. ಮಾತು ಕೇಳಲು ಚೆಂದ. ಆದರೆ ಕಂಬ ಎಷ್ಟಿತ್ತು, ತೊಲೆ ಹೇಗಿತ್ತು, ಮಾಡು ಎಷ್ಟು ಎತ್ತರ ಎಂಬ ನಕ್ಷೆ ಇಲ್ಲದೆ ಕಟ್ಟಿದರೆ ಅದು ಶಿವಪ್ಪನಾಯಕನ ಅರಮನೆ ಆಗುವುದಿಲ್ಲ, ಕಂತ್ರಾಟುದಾರರ ಅರಮನೆ ಆಗುತ್ತದೆ. 1964ರಲ್ಲಿ ವೆನಿಸ್ಸಿನಲ್ಲಿ ಸೇರಿದ ದೇಶ ದೇಶಗಳ ತಜ್ಞರು ಇದನ್ನೇ ಬರೆದಿಟ್ಟರು: ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು. ಲಿಂಗನಮಕ್ಕಿಯಲ್ಲಿ ನೀರು ನಿಂತ ವರ್ಷವೂ ಅದೇ 1964.

ಮಲೆನಾಡಿನ ಮರದ ದರ್ಬಾರು ಹೇಗಿರುತ್ತಿತ್ತು ಎಂದು ನೋಡುವ ಆಸೆ ಇದ್ದವರು ಶಿವಮೊಗ್ಗದ ಶಿವಪ್ಪನಾಯಕ ಅರಮನೆಗೆ ಹೋಗಬಹುದು. ಅದು ಹೈದರನ ಕಾಲದ್ದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಇರಲಿ. ಮರದ ಕಂಬಗಳಂತೂ ನಿಂತಿವೆ.

ಉಳಿದದ್ದನ್ನು ಉಳಿಸುವುದು

ನಗರದಲ್ಲಿ ಉಳಿದದ್ದು ಬುರುಜು, ಬಾಗಿಲು, ಅರಮನೆಯ ಅಡಿಪಾಯ, ಅಕ್ಕ ತಂಗಿ ಕೊಳ. ಇವನ್ನು ಕಾಯಲು ಕೋಟಿ ರೂಪಾಯಿ ಬೇಕಿಲ್ಲ. ಗೋಡೆಯ ಸಂದಿಯಲ್ಲಿ ಹುಟ್ಟಿದ ಅತ್ತಿ, ಆಲದ ಸಸಿಯನ್ನು ಬೆರಳುಗಾತ್ರ ಇರುವಾಗಲೇ ತೆಗೆದರೆ ಕಲ್ಲು ಉಳಿಯುತ್ತದೆ. ತೋಳುಗಾತ್ರ ಆದ ಮೇಲೆ ಬೇರು ಕಿತ್ತರೆ ಗೋಡೆಯೂ ಜತೆಗೇ ಬರುತ್ತದೆ. ಸಂದಿಗೆ ಸಿಮೆಂಟು ಮೆತ್ತಬಾರದು. ಹಳೆಯ ಸುಣ್ಣದ ಗಾರೆ ಉಸಿರಾಡುತ್ತದೆ, ಮಳೆನೀರು ಹೀರಿ ಬಿಡುತ್ತದೆ. ಸಿಮೆಂಟು ನೀರನ್ನು ಒಳಗೇ ಕೂಡಿ ಹಾಕಿ ಕಲ್ಲನ್ನು ಹೊಟ್ಟಾಗಿಸುತ್ತದೆ. ಇದೆಲ್ಲ ಇಲಾಖೆಯ ಕೆಲಸ, ಬಲ್ಲವರ ಮೇಲ್ವಿಚಾರಣೆಯಲ್ಲೇ ಆಗಬೇಕು. ಬೇಸಿಗೆಯಲ್ಲಿ ಒಣಗಿದ ಕರಡಕ್ಕೆ, ದರಕಿಗೆ ಬೀಡಿ ತುಂಡು ಎಸೆಯದೆ ಇರುವುದು ಮಾತ್ರ ನೋಡಲು ಹೋದವರ ಕೆಲಸ. ಎರಡು ಬೆಂಕಿ ಕಂಡ ಕೋಟೆಗೆ ಮೂರನೆಯದು ಬೇಡ.

ಇನ್ನೊಂದು ಉಳಿಕೆ ಇದೆ, ಅದು ಕೋಟೆಯಲ್ಲಿಲ್ಲ. ಕಾಗದದಲ್ಲಿದೆ. ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋದರೆ ಕಾಣಬಹುದು. ಇತಿಹಾಸಕಾರ ಕೆಳದಿ ಗುಂಡಾಜೋಯಿಸರು ಮನೆ ಮನೆ ಅಲೆದು ಓಲೆಗರಿ, ಕಡತ, ಹಳೆಯ ಪತ್ರ ಕೂಡಿಸಿದ ಜಾಗ ಅದು. ಈಗ ಕುವೆಂಪು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದೆ. ಸುಟ್ಟ ಅರಮನೆಯಲ್ಲಿ ಯಾರು ಆಳಿದರು, ಯಾವ ಮಠಕ್ಕೆ ಎಷ್ಟು ಉಂಬಳಿ ಬಿಟ್ಟರು, ಅಡಿಕೆಗೆ ಎಷ್ಟು ಸುಂಕ ಎತ್ತಿದರು ಎಂಬುದನ್ನು ತಿಳಿಯಲು ಇಂಥ ಬರಹಗಳೇ ಆಧಾರ. ಮರ ಸುಟ್ಟರೂ ಲೆಕ್ಕ ಉಳಿದರೆ ಅರ್ಧ ಅರಮನೆ ಉಳಿದ ಹಾಗೆ.

ಈ ಮಾತು ಕಾರ್ಗಲ್, ತಾಳಗುಪ್ಪ, ಸಾಗರದ ಅಂಗಡಿಯವರಿಗೆ ನೇರ ಸಂಬಂಧಪಟ್ಟದ್ದು. ಹಳೇ ಮನೆತನದ ಅಂಗಡಿಯ ಅಟ್ಟದಲ್ಲಿ ಅಜ್ಜನ ಕಾಲದ ಕಪ್ಪು ಕಡತ, ಮೋಡಿ ಅಕ್ಷರದ ಲೆಕ್ಕ, ಗಂಟು ಕಟ್ಟಿದ ಪತ್ರ ಇರುವುದು ಅಪರೂಪವಲ್ಲ. ಶರಾವತಿ ಹಿನ್ನೀರಿಗೆ ಊರು ಬಿಟ್ಟು ಬಂದ ಮನೆಗಳ ಟ್ರಂಕಿನಲ್ಲೂ ಇಂಥವು ಇರಬಹುದು. ದೀಪಾವಳಿಗೆ ಮನೆ ಗುಡಿಸುವಾಗ ಎಷ್ಟೋ ಕಡೆ ಇವು ಬಚ್ಚಲ ಒಲೆಗೆ ಹೋಗುತ್ತವೆ. ಓದಲು ಬಾರದ್ದು ಕಸ ಅಂತ ಲೆಕ್ಕ.

ರಾಣಿ ವೀರಮ್ಮಾಜಿ ಬೆಂಕಿ ಇಡಿಸಿದ್ದಕ್ಕೆ ಒಂದು ಕಾರಣವಿತ್ತು, ಬಾಗಿಲಲ್ಲಿ ಶತ್ರು ನಿಂತಿದ್ದ. ಬಚ್ಚಲ ಒಲೆಗೆ ಕಡತ ಒಡ್ಡುವವರ ಬಾಗಿಲಲ್ಲಿ ಯಾರಿದ್ದಾರೆ? ಒಲೆಗೆ ಹಾಕುವ ಮುಂಚೆ ಒಂದು ಸಲ ಕೆಳದಿಗೆ ಒಯ್ದು ತೋರಿಸಿದರೆ ಹೋಗುವುದು ಸಾಗರದಿಂದ ಬಸ್ ಚಾರ್ಜು ಅಷ್ಟೆ.